ಗಾಳಿಯನ್ನು ಅಳೆದರೆ ಹಿತವನ್ನು ಅಳೆದಂತಾಯಿತೇ?

ಬೆಂಗಳೂರಿನ ಗಾಜಿನ ಕಚೇರಿಗಳಲ್ಲಿ ಇಳಿಹೊತ್ತಿಗೆ ಒಂದು ಸುತ್ತು ಹಾಕಿ ಬನ್ನಿ. ಪಶ್ಚಿಮದ ಗಾಜಿಗೆ ಅಂಟಿಕೊಂಡು ಕೂತವರು ಬೆವರುತ್ತಿರುತ್ತಾರೆ. ಹಾಲಿನ ನಡುವೆ, ಎಸಿಯ ಗಾಳಿ ನೇರವಾಗಿ ತಲೆಗೆ ಬೀಳುವಲ್ಲಿ ಕೂತವರು ಶಾಲು ಹೊದ್ದಿರುತ್ತಾರೆ; ಕೆಲವರು ಗಾಳಿಯ ಬಾಯಿಗೆ ರಟ್ಟು ಅಂಟಿಸಿರುವುದೂ ಉಂಟು. ಇವರ ನಡುವಿನ ಕಂಬದ ಮೇಲಿರುವ ಸೆನ್ಸರ್ ಮಾತ್ರ 24 ಡಿಗ್ರಿ ಎಂದು ತೋರಿಸುತ್ತಿರುತ್ತದೆ. ಅದು ಕೆಟ್ಟಿಲ್ಲ. ಕಂಬದ ಬಳಿಯ ಗಾಳಿ ನಿಜಕ್ಕೂ 24 ಡಿಗ್ರಿಯೇ ಇರುತ್ತದೆ. ‘ಸ್ಮಾರ್ಟ್’ ಕಟ್ಟಡಗಳ ಮೇಲೆ ನನ್ನ ಮುಖ್ಯ ತಕರಾರು ಇದೇ: ಅಳೆಯಲು ಸುಲಭವಾದದ್ದನ್ನು ಅಳೆದು, ಅದನ್ನೇ ಹಿತವೆಂದು ನಂಬಿಬಿಡುತ್ತೇವೆ.

ಡೆನ್ಮಾರ್ಕಿನ ಸಂಶೋಧಕ ಪಿ. ಓ. ಫ್ಯಾಂಗರ್ 1970ರಲ್ಲೇ ಲೆಕ್ಕ ಹಾಕಿ ತೋರಿಸಿದಂತೆ, ಸೆಕೆ–ಚಳಿಯ ಅನುಭವಕ್ಕೆ ಆರು ಕಾರಣಗಳಿವೆ: ಗಾಳಿಯ ಉಷ್ಣತೆ, ಸುತ್ತಲಿನ ಗೋಡೆ–ಗಾಜುಗಳಿಂದ ಸೂಸುವ ಶಾಖ, ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆ, ಮೈ ಉತ್ಪಾದಿಸುವ ಶಾಖ. ಸಾಮಾನ್ಯ ಕಚೇರಿಯ ಸೆನ್ಸರ್ ಇವುಗಳಲ್ಲಿ ಮೊದಲನೆಯದನ್ನು ಅಳೆಯುತ್ತದೆ, ಹೆಚ್ಚೆಂದರೆ ತೇವಾಂಶವನ್ನೂ. ಬಿಸಿಲಿಗೆ ಕಾದ ಗಾಜು ಪಕ್ಕದವರ ತೋಳಿಗೆ ತಾಗಿಸುವ ಕಾವು ಅದಕ್ಕೆ ಗೊತ್ತೇ ಆಗದು. ಆ ಕಾವನ್ನು ಹಿಡಿಯಲು ಕಪ್ಪು ಬಣ್ಣ ಬಳಿದ ಟೊಳ್ಳು ಗೋಳದೊಳಗೆ ಥರ್ಮಾಮೀಟರ್ ಇಡುವ ಹಳೆಯ ಉಪಾಯವಿದೆ; ಪಿಂಗ್‌ಪಾಂಗ್ ಚೆಂಡಿಗೆ ಕಪ್ಪು ಬಳಿದೂ ಮಾಡಿಕೊಳ್ಳಬಹುದು. ಇಷ್ಟು ಅಗ್ಗದ ಸಾಧನ ನಮ್ಮ ಕಚೇರಿಗಳಲ್ಲಿ ಕಾಣಸಿಗುವುದೇ ಅಪರೂಪ.

ಫ್ಯಾಂಗರ್ ಸೂತ್ರವೂ ಎಲ್ಲರನ್ನೂ ತೃಪ್ತಿಪಡಿಸುವ ಭರವಸೆ ಕೊಡುವುದಿಲ್ಲ. ಎಲ್ಲವೂ ಸರಿಯಿದ್ದಾಗಲೂ ನೂರರಲ್ಲಿ ಐವರಿಗೆ ಹಿತವಿರದು ಎಂದು ಅದೇ ಒಪ್ಪುತ್ತದೆ. ಮೈಯ ಶಾಖಕ್ಕೆ ಬಳಸುವ ರೂಢಿಯ ಅಂಕಿ 70 ಕಿಲೋ ತೂಕದ ಮಧ್ಯವಯಸ್ಸಿನ ಗಂಡಸಿನದು, ಹೆಂಗಸರಿಗೆ ಅದು ಹೊಂದುವುದಿಲ್ಲ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 2015ರಲ್ಲಿ ತೋರಿಸಿದರು. ಕಚೇರಿಗಳಲ್ಲಿ ಸ್ವೆಟರ್ ತರುವವರು ಯಾರು ಎಂದು ಗಮನಿಸಿದವರಿಗೆ ಇದು ಹೊಸ ಸಂಗತಿಯಲ್ಲ.

ನಮ್ಮ ನೆಲದ ಪುರಾವೆಯೂ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರು ಸೇರಿ ಐದು ನಗರಗಳ 16 ಕಚೇರಿ ಕಟ್ಟಡಗಳಲ್ಲಿ ಕೆಲಸಗಾರರನ್ನೇ ಕೇಳಿ, ಆರು ಸಾವಿರಕ್ಕೂ ಹೆಚ್ಚು ಉತ್ತರ ಕಲೆಹಾಕಿದರು. ಕಿಟಕಿ ತೆರೆಯುವ ಕಟ್ಟಡಗಳಲ್ಲಿ ಹೊರಗಿನ ಸೆಕೆ ಏರಿದಂತೆ ಜನರಿಗೆ ಒಗ್ಗುವ ಒಳಗಿನ ಉಷ್ಣತೆಯೂ ಏರುತ್ತಿತ್ತು, 28.5 ಡಿಗ್ರಿಯವರೆಗೂ. ಹೀಗಿರುವಾಗ ವರ್ಷವಿಡೀ ಒಂದೇ ಅಂಕಿಗೆ ಕಟ್ಟಡವನ್ನು ಬೀಗ ಹಾಕಿಡುವುದು ವಿದ್ಯುತ್ತಿನ ಪೋಲು. ಒಗ್ಗಿಕೊಳ್ಳಬಲ್ಲ ಮೈಗೂ ಅದು ಅನ್ಯಾಯ.

ಸೆನ್ಸರ್ ಚೆನ್ನಾಗಿ ಮಾಡುವ ಕೆಲಸವೂ ಇದೆ. ಖಾಲಿ ಮೀಟಿಂಗ್ ರೂಮಿನ ಎಸಿ ಆರಿಸುವುದು, ಇಂಗಾಲದ ಡೈಆಕ್ಸೈಡ್ ಏರಿದಾಗ ಹೊರಗಾಳಿ ತರುವುದು ಇವೆಲ್ಲ ಯಂತ್ರಕ್ಕೆ ಬಿಡಬೇಕಾದ ಕೆಲಸಗಳೇ. ಆದರೆ ದೊಡ್ಡ ಗೆಲುವು ಬಂದಿರುವುದು ಕಟ್ಟಡದ ಮೈಯನ್ನೇ ಬದಲಿಸಿದ ಕಡೆ. ಇನ್ಫೋಸಿಸ್ ತನ್ನ ಹೈದರಾಬಾದ್ ಕ್ಯಾಂಪಸ್ಸಿನ ಒಂದು ಕಟ್ಟಡದ ಅರ್ಧಕ್ಕೆ ಮಾಮೂಲಿ ಎಸಿ, ಉಳಿದರ್ಧಕ್ಕೆ ಕಾಂಕ್ರೀಟಿನೊಳಗೆ ತಣ್ಣೀರು ಹರಿಯುವ ಕೊಳವೆ ಹಾಕಿಸಿ ಹೋಲಿಸಿ ನೋಡಿತು. ಕೊಳವೆಯ ಭಾಗಕ್ಕೆ ತಂಪಾಗಿಸುವ ವಿದ್ಯುತ್ ಸುಮಾರು ಮೂರನೇ ಒಂದರಷ್ಟು ಕಡಿಮೆ ಸಾಕಾಯಿತು. ಫ್ಯಾಂಗರ್ ಪಟ್ಟಿಯ ಎರಡನೆಯ ಅಂಶವನ್ನು, ಅಂದರೆ ಸುತ್ತಲಿಂದ ಸೂಸುವ ಶಾಖವನ್ನು, ಗಂಭೀರವಾಗಿ ತೆಗೆದುಕೊಂಡದ್ದರ ಫಲ ಅದು.

ಆದ್ದರಿಂದ ಕಚೇರಿಯವರು ಹೊಸ ಸೆನ್ಸರ್‌ಗಳಿಗೆ ಟೆಂಡರ್ ಕರೆಯುವ ಮುಂಚೆ ಪಶ್ಚಿಮದ ಗಾಜಿಗೆ ಹೊರಗಿನಿಂದ ನೆರಳು ಮಾಡಿಸಲಿ. ತಲೆಯ ಮೇಲೆ ಫ್ಯಾನ್ ಹಾಕಿಸಿ, ರೆಗ್ಯುಲೇಟರನ್ನು ಕೂತವರ ಕೈಗೆ ಕೊಡಲಿ. ಹದವಾದ ಬೀಸುಗಾಳಿ ಎರಡು ಡಿಗ್ರಿಯ ಸೆಕೆಯನ್ನಾದರೂ ತಡೆಯುತ್ತದೆ. ಆಮೇಲೆ ಎಸಿಯನ್ನು 26ಕ್ಕೆ ಏರಿಸಲು ಅಡ್ಡಿಯಿಲ್ಲ.