ಹೊನ್ನನ್ನರಸಿದವರ ಕಥೆ: ಒಂದು ವಿಮರ್ಶೆ

ಪಂಚತಂತ್ರದ ಐದನೆಯ ತಂತ್ರವಾದ ಅಪರೀಕ್ಷಿತಕಾರಕದಲ್ಲಿ ಬರುವ ಚಕ್ರಧರನ ಕಥೆಯು ವಿದ್ವಜ್ಜನರಿಗೆ ವಿದಿತವೇ ಆಗಿದೆ. ದಾರಿದ್ರ್ಯದಿಂದ ನೊಂದ ನಾಲ್ವರು ಬ್ರಾಹ್ಮಣರು ಭೈರವಾನಂದನಿಂದ ಸಿದ್ಧಿವರ್ತಿಗಳನ್ನು ಪಡೆದು ಹೊರಡುವರು. ಬತ್ತಿಯು ಬಿದ್ದಲ್ಲಿ ಅಗೆಯಲು ಮೊದಲು ತಾಮ್ರ, ಬಳಿಕ ಬೆಳ್ಳಿ, ಅನಂತರ ಹೊನ್ನು ದೊರೆಯುವುದು. ರತ್ನವನ್ನರಸಿ ಮುಂದೆ ನಡೆದ ನಾಲ್ಕನೆಯವನ ತಲೆಯ ಮೇಲೆ ಚಕ್ರವು ತಿರುಗುವುದು. ಇದನ್ನು ಲೋಭನಿಂದೆಯ ಕಥೆಯೆಂದು ಪಾಠ ಹೇಳುವುದು ರೂಢಿ. ಈ ರೂಢಿಯು ಸಾಧುವಲ್ಲವೆಂದು ನನ್ನ ಅಭಿಪ್ರಾಯ.

ಅಲ್ಲಿ ನಿಷಿದ್ಧವಾದುದು ಅತಿಲೋಭವೇ ಹೊರತು ಲೋಭಮಾತ್ರವಲ್ಲ. ತಾಮ್ರವನ್ನೂ ಬೆಳ್ಳಿಯನ್ನೂ ಹೊತ್ತು ಮರಳಿದ ಇಬ್ಬರಿಗೆ ಕಥೆಗಾರನು ಯಾವ ದಂಡವನ್ನೂ ವಿಧಿಸಿಲ್ಲ. ಆದುದರಿಂದ ದೋಷವಿರುವುದು ಅರಸುವುದರಲ್ಲಲ್ಲ, ನಿಲ್ಲಬೇಕಾದಲ್ಲಿ ನಿಲ್ಲದಿರುವುದರಲ್ಲಿ.

ಆದರೆ ಈ ಕಥೆಗೆ ಒಂದು ನ್ಯೂನತೆಯುಂಟು. ಇದರಲ್ಲಿ ಹೆಂಡಿರುಮಕ್ಕಳ ಸುದ್ದಿಯೇ ಇಲ್ಲ. ಎಷ್ಟು ತಂದರೆ ಸಾಕೆಂದು ಹೇಳುವವರಿಲ್ಲ. ಬಾದಾಮಿಗೆ ತೆಂಕಣ ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ತೊಳೆದು ಹೊನ್ನಿನ ಕಣಗಳನ್ನು ತೆಗೆಯುತ್ತಿದ್ದ ಜಾಲಗಾರರಿದ್ದರು. ಆ ಗುಡ್ಡದ ಚಿನ್ನದ ಶಿಲೆಗಳನ್ನು ಕುರಿತು ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫುಟನು 1874ರಲ್ಲಿ ಬರೆದನು. ಜಾಲಗಾರರ ಆಸೆಯು ರತ್ನದವರೆಗೆ ಹೋಗಲಿಲ್ಲ. ಅದು ದಿನದ ಕೂಳಿನ ಮಾತು. ಫುಟನು ಬರೆದ ಎರಡೇ ವರುಷಗಳಿಗೆ ಬಂದ 1876–78ರ ಬರಗಾಲದಲ್ಲಿ, ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳನ್ನೊಳಗೊಂಡ ಅಂದಿನ ಕಲಾದಗಿ ಜಿಲ್ಲೆಯು ಕಂಗೆಟ್ಟಿತು. ಅಂಥ ಕಾಲದಲ್ಲಿ ಊರು ಬಿಟ್ಟ ಸಂಸಾರವನ್ನು ಲೋಭಿಯೆನ್ನಲಾದೀತೆ?

ಇಳಕಲ್ಲಿಗೆ ಮೂಡಣ ಲಿಂಗಸುಗೂರು ಸೀಮೆಯಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಅದೇ ಸೀಮೆಯ ಅಮರೇಶ್ವರದವರೆಂದು ಪ್ರಸಿದ್ಧರಾದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳು, ಹೊನ್ನಿನ ನೆಲವನ್ನು ಬಿಟ್ಟು ಕಲ್ಯಾಣಕ್ಕೆ ಹೋಗಿ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಕಾಯಕ ನಡೆಸಿದರೆಂದು ಕಥೆಯುಂಟು. ಒಂದು ದಿನ ಗಂಡನು ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಇದು ಬಡತನದ ಸ್ತುತಿಯಲ್ಲ. ಆಯುವುದನ್ನು ಅವರು ನಿಷೇಧಿಸಲಿಲ್ಲ, ಅಳತೆ ಮೀರುವುದನ್ನು ನಿಷೇಧಿಸಿದರು. ಒಲೆಯ ಮುಂದೆ ಕುಳಿತವರೇ ಅಳತೆಯನ್ನು ಹೇಳಿದುದರಿಂದ ಇಲ್ಲಿ ಚಕ್ರವು ಬೇಕಾಗಲಿಲ್ಲ. ಈ ಅಂಶದಲ್ಲಿ ಕನ್ನಡದ ಕಥೆಯೇ ಮೇಲೆಂದು, ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ತಾಯಿತಂದೆಗಳು ಗುಳೆ ಹೋಗಿರುವ ಮಕ್ಕಳು ಇಂದಿಗೂ ಈ ಸೀಮೆಯ ಶಾಲೆಗಳಲ್ಲಿ ಕುಳಿತಿರುತ್ತಾರೆ. ಚಕ್ರಧರನ ಕಥೆಯನ್ನು ಬರಿಯ ಲೋಭನಿಂದೆಯೆಂದು ಹೇಳುವ ಉಪಾಧ್ಯಾಯರು ತಮಗರಿಯದೆಯೇ ಆ ತಾಯಿತಂದೆಗಳನ್ನು ದೂಷಿಸಿದಂತಾಗುತ್ತದೆ. ಎರಡು ಕಥೆಗಳನ್ನೂ ಜೊತೆಯಾಗಿ ಓದಿಸುವುದೇ ಯುಕ್ತವು.