ಬಣ್ಣ ಬೀಳುವ ಮೊದಲು

ಮಲ್ಪೆಯಲ್ಲಿ ಹಳೇ ಬೋಟಿನ ವ್ಯಾಪಾರ ಕುದುರುವುದು ಹೆಚ್ಚಾಗಿ ಜುಲೈ ತಿಂಗಳಲ್ಲಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅಷ್ಟರಲ್ಲಿ ಮಾರಾಟಕ್ಕಿರುವ ಬೋಟು ಸರದಿಯಂತೆ ನೀರಿನಿಂದ ಮೇಲೆ ಬಂದು, ಪಾಚಿ ಕೆರೆಸಿಕೊಂಡು, ಸಂದಿಗಳಿಗೆ ಪುಟ್ಟಿ ಮೆತ್ತಿಸಿಕೊಂಡು, ಹೊಸ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ. ಅಳಿವೆ ದಾಟಿಸಿ ಒಂದು ಸುತ್ತು ಓಡಿಸಿ ನೋಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಬೋಟು ಕೊಳ್ಳಲು ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಆದರೂ ಮುಂಗಡ ಕೈ ಬದಲಾಗುವುದು ಆಗಲೇ.

ದಕ್ಕೆಯಲ್ಲಿ ಬೆಲೆ ಕಟ್ಟುವವರು ಮೂರು ಮಾತು ಕೇಳುತ್ತಾರೆ: ಎಷ್ಟು ವರ್ಷದ್ದು, ಎಂಜಿನ್ ಯಾವುದು, ಹೋದ ಸೀಸನ್ನಿನಲ್ಲಿ ಎಷ್ಟು ದುಡಿದಿದೆ. ಮೊದಲೆರಡು ಸರಿ. ಮೂರನೆಯದೇ ಬೆಲೆಯನ್ನು ಹತ್ತಾರು ಲಕ್ಷ ಅತ್ತಿತ್ತ ಎಳೆದಾಡುವುದು, ನನ್ನ ತಕರಾರಿರುವುದೂ ಅದರ ಮೇಲೆಯೇ. ‘ಲಕ್ಕಿನ ಬೋಟು’ ಎಂಬ ಹೆಸರು ಬಿದ್ದರೆ ಸಾಕು, ಹಲಗೆ ಯಾರೂ ನೋಡುವುದಿಲ್ಲ. ಆದರೆ ಬೊಂಡಾಸ್ ಮೀನು ಎಲ್ಲಿದೆಯೆಂದು ಹುಡುಕಿದ್ದು ಮರವಲ್ಲ, ಬೋಟು ನಡೆಸುವ ತಾಂಡೇಲ. ಆಗಸ್ಟ್ ಬಂದರೆ ಅವನು ಹೆಚ್ಚು ಅಡ್ವಾನ್ಸ್ ಕೊಟ್ಟವರ ಬೋಟು ಹತ್ತುತ್ತಾನೆ, ಕಲಾಸಿ ಆಳುಗಳನ್ನೂ ಕರೆದುಕೊಂಡು ಹೋಗುತ್ತಾನೆ. ಮಾರುವವನು ತೋರಿಸುವ ಏಲಂ ಚೀಟಿಗಳಲ್ಲಿ ಇರುವುದು ಮೀನಿನ ಹಣ ಮಾತ್ರ. ಡೀಸೆಲ್, ಐಸು, ರೇಷನ್, ಕಮಿಷನ್, ಆಳುಗಳ ಪಾಲು ಅದರಲ್ಲಿಲ್ಲ. ಇನ್ನೊಬ್ಬರ ಕೈಗುಣಕ್ಕೆ ನಾವು ದುಡ್ಡು ಕೊಟ್ಟು, ಕೈಯನ್ನು ಅವರ ಹತ್ತಿರವೇ ಬಿಟ್ಟು ಬಂದ ಹಾಗೆ.

ಮೂರು ವರ್ಷದ ಹಿಂದೆ ನನ್ನ ಭಾವನಿಗಾಗಿ ತ್ರಿಸೆವೆಂಟಿ ಎನ್ನುವ ಮಾದರಿಯ ಒಂದು ಟ್ರಾಲ್‌ಬೋಟು ನೋಡಲು ಹೋಗಿದ್ದೆವು. ಮರದ ಬೋಟು, ಮೇಲೆ ಫೈಬರ್ ಹೊದಿಕೆ. ಕೇಳಿದ್ದು 38 ಲಕ್ಷ. ಬ್ರೋಕರ್ ನಮ್ಮನ್ನು ಸೀದಾ ವೀಲ್‌ಹೌಸಿಗೆ ಹತ್ತಿಸಿ ಜಿಪಿಎಸ್, ಫಿಶ್‌ಫೈಂಡರ್, ವಯರ್‌ಲೆಸ್ ಎಲ್ಲ ತೋರಿಸಿದ. ನಮ್ಮ ಜೊತೆ ಬಂದಿದ್ದ ಆಚಾರಿ ಮಾತ್ರ ಮೇಲೆ ಹತ್ತಲೇ ಇಲ್ಲ. ಕೆಳಗೆ ಕುಕ್ಕರಗಾಲಲ್ಲಿ ಕೂತು ಬೋಟಿನ ಹೊಟ್ಟೆಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ಹಿಂಬದಿಯಲ್ಲಿ ಪ್ರೊಪೆಲರ್ ಶಾಫ್ಟ್ ಹೊರಬರುವ ಜಾಗದ ಹತ್ತಿರ ಮಾತ್ರ ಬೊದ್ ಎಂದಿತು. ಅಡಿಮರದ ಅಂಚಿನಲ್ಲಿ ಫೈಬರ್ ಮುಗಿಯುವಲ್ಲಿ ಕಂದು ನೀರು ಇನ್ನೂ ಜಿನುಗುತ್ತಿತ್ತು. ಬೋಟು ಮೇಲೆ ಬಂದು ಹನ್ನೆರಡು ದಿನವಾಗಿತ್ತಂತೆ. ಆಚಾರಿ ಸ್ಕ್ರೂಡ್ರೈವರ್ ಒತ್ತಿದರು. ಒಂದಿಂಚು ಸಲೀಸಾಗಿ ಒಳಗೆ ಹೋಯಿತು.

ಫೈಬರ್ ಹೊದಿಸಿದರೆ ಹುಳು ಹಿಡಿಯುವುದಿಲ್ಲ, ನಿಜ. ಒಳ್ಳೆಯ, ಒಣಗಿದ ಮರಕ್ಕೆ ಹೊದಿಸಿದರೆ ಅದು ರಕ್ಷೆ. ಆಗಲೇ ಮೆದುವಾದ ಹಲಗೆಗೆ ಹೊದಿಸಿದರೆ ನೀರು ಎರಡರ ನಡುವೆ ಸಿಕ್ಕಿಕೊಂಡು ಮರವನ್ನು ಒಳಗಿಂದೊಳಗೇ ಕೊಳೆಸುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ದಕ್ಕೆಯ ಲೆಕ್ಕದಲ್ಲಿ ಮಾತ್ರ ‘ಫೈಬರ್ ಮಾಡಿಸಿದೆ’ ಎಂಬುದು ಯಾವಾಗಲೂ ಬೆಲೆ ಏರಿಸುವ ಮಾತು. ಯಾವ ವರ್ಷ ಮಾಡಿಸಿದ್ದು, ಆಗ ಹಲಗೆ ಎಷ್ಟು ಬದಲಾಯಿಸಿದರು ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಎಂಜಿನ್ ವಿಷಯದಲ್ಲಿ ನಮ್ಮವರು ಜಾಣರು, ಹೆಚ್ಚು ಹೇಳಬೇಕಿಲ್ಲ. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಮೇಲೆ ಕೈಯಿಟ್ಟು ನೋಡುತ್ತಾರೆ. ಬೆಚ್ಚಗಿದ್ದರೆ ಬೆಳಿಗ್ಗೆಯೇ ಯಾರೋ ಓಡಿಸಿಟ್ಟಿದ್ದಾರೆ ಎಂದರ್ಥ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಇಷ್ಟೆಲ್ಲ ಗೊತ್ತಿದ್ದವರು ಗಂಟೆಗೆ ಎಷ್ಟು ಲೀಟರ್ ಡೀಸೆಲ್ ಕುಡಿಯುತ್ತದೆ ಎಂಬುದನ್ನು ಮಾತ್ರ ಮಾರುವವನ ಬಾಯಿಮಾತಿಗೇ ಬಿಡುತ್ತಾರೆ.

ಇನ್ನು ಕಾಗದಪತ್ರ. ಹೊಸ ಯಾಂತ್ರಿಕ ಬೋಟು ಕಟ್ಟಿಸಬೇಕಾದರೆ ಮೊದಲು ಮೀನುಗಾರಿಕಾ ಇಲಾಖೆಯ ಸಾಧ್ಯತಾ ಪತ್ರ ಬೇಕು, ಅದು ಕೇಳಿದವರಿಗೆಲ್ಲ ಸಿಗುವಂಥದ್ದಲ್ಲ. ಹಾಗಾಗಿ ಹಳೇ ಬೋಟಿನ ನೋಂದಣಿ, ಲೈಸನ್ಸು, ಕರರಹಿತ ಡೀಸೆಲ್ಲಿನ ಪಾಸ್‌ಬುಕ್ಕು, ಇವಕ್ಕೇ ಒಂದು ಬೆಲೆಯಿದೆ. ಕೆಲವು ಬೋಟುಗಳಲ್ಲಿ ಮರಕ್ಕಿಂತ ಕಾಗದವೇ ಗಟ್ಟಿ. ಇದನ್ನು ಬಾಯಿಬಿಟ್ಟು ಹೇಳಿ ಬೇರೆಯಾಗಿ ಲೆಕ್ಕ ಹಾಕಿದರೆ ನನಗೇನೂ ಅಭ್ಯಂತರವಿಲ್ಲ. ಆದರೆ ಬಲೆ, ವಿಂಚು, ರೋಪು, ಕಾಗದ ಎಲ್ಲವನ್ನೂ ಒಂದೇ ಮೊತ್ತದಲ್ಲಿ ಕಲಸಿ ‘ಬೋಟಿಗೆ ಇಷ್ಟು’ ಎನ್ನುವುದು ಪದ್ಧತಿ. ಸಾಲ ಇದ್ದ ಬೋಟಾದರೆ ಬ್ಯಾಂಕಿನ ಅಥವಾ ಸೊಸೈಟಿಯ ನಿರಾಕ್ಷೇಪಣಾ ಪತ್ರ ಬಾರದೆ ಹೆಸರು ಬದಲಾಗುವುದಿಲ್ಲ. ಅದು ಗೊತ್ತಿದ್ದೂ ಮಾತಿನ ಮೇಲೆ ಪೂರ್ತಿ ಹಣ ಎಣಿಸಿದವರಿದ್ದಾರೆ.

ನಾನಾದರೆ ಮೇ ಕೊನೆಯ ವಾರದಲ್ಲೇ ನೋಡುತ್ತೇನೆ. ಆಗ ಬೋಟಿನ ಮೈಮೇಲೆ ಸೀಸನ್ನಿನ ಗಾಯಗಳು ಹಾಗೇ ಇರುತ್ತವೆ, ಬಲೆ ಎಷ್ಟು ಹರಿದಿದೆಯೆಂದು ತಿಳಿಯುತ್ತದೆ, ಒಂದು ದಿನ ಕಡಲಿಗೆ ಹೋಗಿ ಬರಲೂಬಹುದು. ಬಣ್ಣದ ಖರ್ಚು ಆಮೇಲೆ ನಾನೇ ಹಾಕಿಕೊಳ್ಳುತ್ತೇನೆ, ಅದು ಅಗ್ಗ.

ಆ ದಿನ ಆಚಾರಿ ಹೇಳಿದ ಹಲಗೆ ಕೆಲಸ, ಶಾಫ್ಟು, ಬಲೆ ಎಲ್ಲ ಕಳೆದು ನಾವು 27 ಎಂದೆವು. ಬ್ರೋಕರ್ ನಕ್ಕ. ಹದಿನೈದು ದಿನದಲ್ಲಿ ಬೇರೆಯವರಿಗೆ 36ಕ್ಕೆ ಹೋಯಿತು, ‘ಲಕ್ಕಿನ ಬೋಟು’ ಎಂಬ ಹೆಸರಿನಲ್ಲೇ. ಒಪ್ಪಿಕೊಳ್ಳಬೇಕು, ಮರುವರ್ಷ ಅದು ಒಳ್ಳೆಯ ಮೀನನ್ನೇ ತಂದಿತು. ಭಾವ ಇವತ್ತಿಗೂ ನನಗೆ ಅದನ್ನು ಹೇಳಿ ಹಂಗಿಸುತ್ತಾನೆ. ದಕ್ಕೆಯಲ್ಲಿ ಅದು ಕಂಡಾಗಲೆಲ್ಲ ನನ್ನ ಕಣ್ಣು ಪಕ್ಕದ ಪೈಪಿಗೆ ಹೋಗುತ್ತದೆ. ಮೀನು ಇಳಿಸಿ, ಎಂಜಿನ್ ಆಫ್ ಮಾಡಿ, ಆಳುಗಳೆಲ್ಲ ಮನೆಗೆ ಹೋದ ಮೇಲೂ ಬ್ಯಾಟರಿ ಪಂಪು ನೀರು ಹೊರಹಾಕುತ್ತಲೇ ಇರುತ್ತದೆ.