ಬೀಗದ ಕೈ ಯಾರ ಸೊಂಟದಲ್ಲಿ?

ಜಯನಗರದವರಿಗೆ ಒಂದು ವೋಟಿನ ಬೆಲೆ ಏನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. 2023ರ ಮೇ 13ರಂದು ವಿಧಾನಸಭಾ ಚುನಾವಣೆಯ ಎಣಿಕೆ ನಡೆದಾಗ ನಮ್ಮ ಕ್ಷೇತ್ರದ ಫಲಿತಾಂಶ ರಾತ್ರಿಯವರೆಗೆ ಎಳೆಯಿತು. ಮರುಎಣಿಕೆಯಾಗಿ, ಕೊನೆಗೆ 16 ಮತಗಳ ಅಂತರದಲ್ಲಿ ಒಬ್ಬರು ಗೆದ್ದರು. ಮಾರನೆಯ ದಿನ ಭಾನುವಾರ. ನಾಲ್ಕನೇ ಬ್ಲಾಕಿನ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದವರ ಬಾಯಲ್ಲೆಲ್ಲ ಅದೇ ಮಾತು. ‘ನಮ್ಮ ಮನೆಯಲ್ಲೇ ನಾಲ್ಕು ಜನ ವೋಟು ಹಾಕಿರಲಿಲ್ಲ ಕಣ್ರೀ’ ಎಂದು ಒಬ್ಬರು ಪೇಚಾಡುತ್ತಿದ್ದರು.

ನಾವು ಐದಾರು ಮಂದಿ, ಕನ್ನಡಕ್ಕೆ ಮುಕ್ತ ತಂತ್ರಾಂಶ ಕಟ್ಟುವ ಹವ್ಯಾಸದವರು, ಪಕ್ಕದ ಮೇಜಿನಲ್ಲಿದ್ದೆವು. ನಮ್ಮಲ್ಲೇ ಕಿರಿಯವನೊಬ್ಬ ನಕ್ಕು ಹೇಳಿದ: ‘ಈ ರಗಳೆಯೆಲ್ಲ ನಮ್ಮಲ್ಲಿಲ್ಲ ಸಾರ್. ಓಪನ್ ಸೋರ್ಸ್‌ನಲ್ಲಿ ಕೋಡ್ ಮಾತಾಡುತ್ತೆ. ಜಾತಿ ಇಲ್ಲ, ಬಾಸ್ ಇಲ್ಲ. ನಿಜವಾದ ಡೆಮಾಕ್ರಸಿ ಅಂದ್ರೆ ಅದು.’ ನಾನು ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದು ತಪ್ಪು ಎಂದು ಈಗ ಬರೆಯುತ್ತಿದ್ದೇನೆ.

ಅವನ ಮಾತು ಅವನೊಬ್ಬನದಲ್ಲ. ಬೆಂಗಳೂರಿನ ಯಾವ ತಂತ್ರಾಂಶ ಸಮ್ಮೇಳನಕ್ಕೆ ಹೋದರೂ ಅದು ಕಿವಿಗೆ ಬೀಳುತ್ತದೆ. ಕೋಡ್ ಎಲ್ಲರಿಗೂ ಕಾಣುತ್ತದೆ, ಯಾರು ಬೇಕಾದರೂ ತಿದ್ದಬಹುದು, ಒಳ್ಳೆಯ ತಿದ್ದುಪಡಿ ತಾನೇ ಗೆಲ್ಲುತ್ತದೆ, ಒಪ್ಪದವರು ನಕಲು ಮಾಡಿಕೊಂಡು ತಮ್ಮ ದಾರಿ ಹಿಡಿಯಬಹುದು. ಆದ್ದರಿಂದ ಇದು ಪ್ರಜಾಪ್ರಭುತ್ವ. ಮೊದಲ ನಾಲ್ಕು ಮಾತುಗಳಲ್ಲಿ ಹೆಚ್ಚುಪಾಲು ನಿಜವಿದೆ. ‘ಆದ್ದರಿಂದ’ ಎಂಬಲ್ಲಿ ನನ್ನ ತಕರಾರು.

ಮುಕ್ತ ತಂತ್ರಾಂಶ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್ಮನ್ ಕಟ್ಟಿಕೊಟ್ಟ ನಾಲ್ಕು ಸ್ವಾತಂತ್ರ್ಯಗಳನ್ನೇ ನೋಡಿ. ತಂತ್ರಾಂಶವನ್ನು ಬಳಸುವುದು, ಅದರ ಒಳಗನ್ನು ಓದಿ ಬದಲಿಸುವುದು, ಹಂಚುವುದು, ಬದಲಿಸಿದ್ದನ್ನೂ ಹಂಚುವುದು. ‘ನಿನ್ನ ಮಾತನ್ನು ಕೇಳಿಸಿಕೊಳ್ಳುತ್ತೇವೆ’ ಎಂಬುದು ಈ ಪಟ್ಟಿಯಲ್ಲಿಲ್ಲ. ಇದರ ಅರ್ಥ ತಿಳಿಯಲು ದೂರ ಹೋಗಬೇಕಿಲ್ಲ. ಜಯನಗರದಿಂದ ಬನ್ನೇರುಘಟ್ಟ ರಸ್ತೆ ಕಡೆ ಇಳಿದರೆ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿ ಸಿಗುತ್ತದೆ. ಅಲ್ಲಿ ಸ್ವಯಂಸೇವಕರೂ ಬಡಾವಣೆಯ ಹುಡುಗರೂ ಸೇರಿ ಅಂಬೇಡ್ಕರ್ ಹೆಸರಿನಲ್ಲಿ ಸಮುದಾಯ ಕಂಪ್ಯೂಟರ್ ಕೇಂದ್ರವೊಂದನ್ನು ಕಟ್ಟಿದರು. ಮಕ್ಕಳು ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಗಿಂಪ್ ಬಳಸಿ ಚಿತ್ರ ಬರೆದರು. ಪರವಾನಗಿಯ ಪ್ರಕಾರ ಆ ಮಕ್ಕಳಿಗೂ ಗಿಂಪ್ ಬರೆದವರಿಗೂ ಒಂದೇ ಹಕ್ಕು. ಆದರೆ ಗಿಂಪ್ ಮುಂದೆ ಹೇಗಿರಬೇಕು ಎಂದು ತೀರ್ಮಾನಿಸುವ ಮಾತುಕತೆಗೆ ಹೋಗಲು ಇಂಗ್ಲಿಷ್ ಬೇಕು, ಸ್ವಂತ ಕಂಪ್ಯೂಟರ್ ಬೇಕು, ಸಂಬಳವಿಲ್ಲದೆ ಕಳೆಯಲು ಭಾನುವಾರಗಳು ಬೇಕು. ಬಾಗಿಲಿಗೆ ಬೀಗವಿಲ್ಲ, ನಿಜ. ಮೆಟ್ಟಿಲು ಎಷ್ಟಿವೆ ಎಂದು ಎಣಿಸಿದವರಿಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರು ಸೇರಿ ಚರ್ಚಿಸುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಚಂದದ ಹೆಸರು; ಇಟ್ಟವರ ಕನ್ನಡಕ್ಕೆ ಕೈ ಮುಗಿಯಬೇಕು. ಆದರೆ ನಮ್ಮ ಊರುಗಳ ಅರಳಿಕಟ್ಟೆಯನ್ನು ಕಣ್ಣಾರೆ ಕಂಡವರಿಗೆ ಇನ್ನೊಂದು ವಿಷಯವೂ ಗೊತ್ತು. ಕಟ್ಟೆ ಊರ ನಡುವೆ, ಬಯಲಲ್ಲೇ ಇತ್ತು, ಗೋಡೆಯಿರಲಿಲ್ಲ. ಆದರೂ ಮೇಲೆ ಕೂರುವವರು ಯಾರು, ಕೆಳಗೆ ನಿಲ್ಲುವವರು ಯಾರು, ದೂರದಿಂದಲೇ ಕೇಳಿಸಿಕೊಂಡು ಹೋಗಬೇಕಾದವರು ಯಾರು ಎಂದು ಎಲ್ಲರಿಗೂ ತಿಳಿದಿತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆಯದೆ ಇದ್ದದ್ದರಿಂದಲೇ ಪ್ರಶ್ನಿಸಲೂ ಆಗುತ್ತಿರಲಿಲ್ಲ.

ಮುಕ್ತ ತಂತ್ರಾಂಶದ ಲೋಕದಲ್ಲಿ ಬರೆಯದ ನಿಯಮಗಳಿಗೆಲ್ಲ ದೊಡ್ಡಣ್ಣ ‘ಮೌನಂ ಸಮ್ಮತಿ ಲಕ್ಷಣಂ’. ಹಲವು ಮುಕ್ತ ತಂತ್ರಾಂಶ ಯೋಜನೆಗಳಿಗೆ ಆಸರೆಯಾದ ಅಪಾಚೆ ಪ್ರತಿಷ್ಠಾನದವರು ಇದನ್ನೇ ಶಾಸ್ತ್ರೀಯವಾಗಿ ಪಾಲಿಸುತ್ತಾರೆ: ಪ್ರಸ್ತಾಪವಿಟ್ಟು ಸಾಮಾನ್ಯವಾಗಿ 72 ಗಂಟೆ ಕಾಯಬೇಕು, ಯಾರೂ ಅಡ್ಡಿ ಎತ್ತದಿದ್ದರೆ ಒಪ್ಪಿಗೆ ಎಂದರ್ಥ. ನೂರಾರು ಮಂದಿ ಎಚ್ಚರವಿರುವ ಕಡೆ ಈ ಪದ್ಧತಿ ಚೆನ್ನಾಗಿ ನಡೆಯುತ್ತದೆ. ಬೆರಳೆಣಿಕೆಯ ಜನರಿರುವಲ್ಲಿ ಏನಾಗುತ್ತದೆ? 2010ರ ಸುಮಾರಿಗೆ ಗೂಗಲ್ ಸಂಸ್ಥೆ ತನ್ನ ಅನುವಾದ ಸಲಕರಣೆಯಿಂದ, ಸಂಬಳದ ಅನುವಾದಕರನ್ನಿಟ್ಟು, ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಲೇಖನಗಳನ್ನು ತುಂಬಿಸತೊಡಗಿತು. ಬಂಗಾಳಿಗಳು ಬೇಡವೆಂದರು. ತಮಿಳರು ತಡೆದು ನಿಲ್ಲಿಸಿ ಷರತ್ತಿನ ಮಾತುಕತೆಗೆ ಕೂತರು. ಕನ್ನಡದ ಕಟ್ಟೆಯ ಮೇಲೆ ಆಗ ಕೂತವರೇ ಕಡಿಮೆ; ಲೇಖನಗಳು ಬಂದು ಸೇರಿದವು, ಅವುಗಳ ಕನ್ನಡವನ್ನು ತಿದ್ದುವ ಕೆಲಸ ಉಳಿದವರ ತಲೆಗೆ ಬಂತು. ಯಾರೂ ಸರ್ವಾಧಿಕಾರ ನಡೆಸಲಿಲ್ಲ. ಖಾಲಿ ಕುರ್ಚಿಗಳು ತೀರ್ಮಾನ ಮಾಡಿದವು.

ಇಷ್ಟು ಹೇಳಿ ನಾನು ದೂರ ನಿಂತರೆ ಮೋಸವಾಗುತ್ತದೆ. ನಮ್ಮ ಭಾನುವಾರದ ಗುಂಪು ಕನ್ನಡ ಕಾಗುಣಿತ ಪರೀಕ್ಷಕಕ್ಕೆ ಪದಪಟ್ಟಿಯೊಂದನ್ನು ಕೂಡಿಸುತ್ತಿತ್ತು. ಪಟ್ಟಿಯಲ್ಲಿಲ್ಲದ ಪದದ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಆಡುಮಾತನ್ನು ಸೇರಿಸಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ, ಕತೆ ಬರೆಯುವವರಿಗೆ ಬೇಕಾಗುತ್ತದೆಂದು ‘ಬರ್ತಿದ್ದಾರೆ’, ‘ಮಾಡ್ತೀನಿ’ ಎಲ್ಲ ಸೇರಿಸಿದೆವು. ಸೇರಿಸಿದ್ದು ಒಬ್ಬನೇ, ಒಂದು ರಾತ್ರಿ ಹನ್ನೊಂದು ಗಂಟೆಗೆ. ಅವತ್ತು ಬಿಡುವಿದ್ದವನು ಅವನೊಬ್ಬ. ಕೆಲವು ವಾರದ ಮೇಲೆ ಕಲಬುರಗಿ ಕಡೆಯ ಶಿಕ್ಷಕಿಯೊಬ್ಬರು ಬರೆದರು: ‘ನಿಮ್ಮ ಬರ್ತಿದ್ದಾರೆಗೆ ಗೆರೆ ಇಲ್ಲ, ನಮ್ಮ ಬರಲಿಕತ್ತಾರಕ್ಕೆ ಯಾಕ ಕೆಂಪು ಗೆರಿ ಬೀಳ್ತದ್ರಿ?’ ಜೊತೆಗೆ ಇನ್ನೂರು ಪದಗಳ ಪಟ್ಟಿ ಇತ್ತು. ಅದು ಸರಿಯಾದ ಕಡತವಿನ್ಯಾಸದಲ್ಲಿರಲಿಲ್ಲ. ಅವರಿಗೆ ಹೋದ ಉತ್ತರ ಎರಡು ಸಾಲಿನದು: ‘ಕೋಡ್ ಓಪನ್ ಇದೆ ಮೇಡಂ. ಬೇಕಾದರೆ ಫೋರ್ಕ್ ಮಾಡಿ ನಿಮ್ಮದೇ ಪಟ್ಟಿ ಮಾಡಿಕೊಳ್ಳಬಹುದು.’ ಅವರು ಮತ್ತೆ ಬರೆಯಲಿಲ್ಲ. ಆ ಎರಡು ಸಾಲು ಬರೆದವನು ನಾನು.

ಫೋರ್ಕ್ ಎಂದರೆ ಏನೆಂದು ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಒಲೆ ಹೂಡುವುದು. ಅತ್ತೆಯ ಸೊಂಟದ ಬೀಗದ ಕೈ ಗೊಂಚಲಿನ ಬಗ್ಗೆ ಸೊಸೆ ಸೊಲ್ಲೆತ್ತಿದರೆ ‘ಬೇಕಾದರೆ ಬೇರೆ ಹೋಗಿ’ ಎನ್ನುವುದು ಉತ್ತರವಲ್ಲ, ಬಾಯಿ ಮುಚ್ಚಿಸುವ ಉಪಾಯ. ಒಲೆ ಹೂಡಲು ಕಲ್ಲಿದ್ದವರಿಗೆ ಮಾತ್ರ ಅದು ಹಕ್ಕು. 2010ರಲ್ಲಿ ಓಪನ್‌ಆಫೀಸ್‌ನಿಂದ ಲಿಬ್ರೆಆಫೀಸ್ ಒಡೆದುಕೊಂಡಾಗ ಅನುಭವಿ ಪ್ರೋಗ್ರಾಮರುಗಳ ಪಡೆಯೇ ಜೊತೆಗೆ ಹೋಯಿತು. 2024ರಲ್ಲಿ ರೆಡಿಸ್ ಎಂಬ ದತ್ತಸಂಚಯ ತಂತ್ರಾಂಶದ ಪರವಾನಗಿ ಬದಲಾದಾಗ ಅದರಿಂದ ಒಡೆದು ವಾಲ್ಕೀ ಹುಟ್ಟಿತು. ಅದರ ಬೆನ್ನಿಗೆ ಅಮೆಜಾನ್, ಗೂಗಲ್‌ನಂಥ ಕಂಪನಿಗಳು ನಿಂತವು. ಕನ್ನಡದ ಪದಪಟ್ಟಿಗೆ ಇರುವುದೇ ಐದು ಜನ. ಅದು ಒಡೆದರೆ ಎರಡು ಗುಂಪಾಗುವುದಿಲ್ಲ, ಎರಡು ಪಾಳುಮನೆಯಾಗುತ್ತದೆ.

ಹಾಗಾದರೆ ಎಲ್ಲಕ್ಕೂ ವೋಟು ಹಾಕೋಣವೇ? ಅದೂ ಅಲ್ಲ. ಇಲ್ಲಿ ಎದುರು ವಾದಕ್ಕೆ ತೂಕವಿದೆ. ಇವತ್ತು ಲಕ್ಷಾಂತರ ಕನ್ನಡಿಗರ ಬೆರಳಿಗೆ ಅಂಟಿರುವ ಕೀಲಿಮಣೆ ವಿನ್ಯಾಸ ಸಭೆ ಸೇರಿ ಕೈ ಎತ್ತಿ ಮಾಡಿದ್ದಲ್ಲ. ಕೆ.ಪಿ. ರಾವ್ ಎಂಬ ಒಬ್ಬರ ಒಳನೋಟ ಅದು. ಆಮೇಲೆ ಸರ್ಕಾರ ಅದನ್ನು ಪ್ರಮಾಣವಾಗಿ ಒಪ್ಪಿತು. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೂ ‘ಕಗಪ’ ಎಂಬ ಹೆಸರಲ್ಲಿ ಕೂತಿದೆ. ಒತ್ತಕ್ಷರ ಪರದೆಯ ಮೇಲೆ ಸರಿಯಾಗಿ ಮೂಡುತ್ತದೋ ಇಲ್ಲವೋ ಎಂಬುದನ್ನು ಬಹುಮತದಿಂದ ತೀರ್ಮಾನಿಸಲಾಗದು. ಬಲ್ಲವರ ಕೈಯಲ್ಲಿ ಕೆಲಸ ಇರಬೇಕು. ನನ್ನ ಪ್ರಶ್ನೆ, ಬಲ್ಲವರು ತಪ್ಪಿದಾಗ ಏನು?

ಅದಕ್ಕೆ ನಮ್ಮ ‘ೞ’ ಅಕ್ಷರದ ಪಾಡು ನೋಡಬೇಕು. ಹಳಗನ್ನಡದ ‘ಬಾೞೆ’ಯಲ್ಲಿದ್ದ, ಮುಂದೆ ‘ಬಾಳೆ’ಯಾದಾಗ ಮರೆಯಾದ ಅಕ್ಷರ. ಜಗತ್ತಿನ ಲಿಪಿಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಇದಕ್ಕೆ ಇಟ್ಟ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’, ಇಂಗ್ಲಿಷಿನ ಎಫ್ ಉಚ್ಚಾರದ ಫ! ಶುದ್ಧ ತಪ್ಪು. ತಪ್ಪೆಂದು ಯೂನಿಕೋಡಿನವರೇ ಒಪ್ಪುತ್ತಾರೆ. ಆದರೂ ತಿದ್ದುವುದಿಲ್ಲ, ಏಕೆಂದರೆ ಒಮ್ಮೆ ಇಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬ ನಿಯಮವಿದೆ. ಬದಲಾಗಿ ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯ ಉಪನಾಮವಾಗಿ ದಾಖಲಿಸಿ, ಮೂಲ ಹೆಸರು ತಪ್ಪು ಎಂದು ಷರಾ ಬರೆದಿದ್ದಾರೆ. ಮೊದಲು ಇದನ್ನು ಕಂಡಾಗ ನನ್ನ ಮೈ ಉರಿದಿತ್ತು. ಈಗ ಹಾಗನ್ನಿಸುವುದಿಲ್ಲ. ಜಗತ್ತಿನ ಸಾವಿರಾರು ತಂತ್ರಾಂಶಗಳು ನೆಚ್ಚಿಕೊಂಡ ಪಟ್ಟಿಯಲ್ಲಿ ಹೆಸರು ಅಲುಗಾಡಬಾರದು ಎಂಬುದಕ್ಕೆ ಕಾರಣವಿದೆ, ಆ ಕಾರಣ ಬರಹದಲ್ಲಿದೆ, ನಾನು ಸೋತದ್ದು ಯಾವ ನಿಯಮಕ್ಕೆ ಎಂದು ಓದಿ ತಿಳಿಯಬಹುದು. ಕಲಬುರಗಿಯ ಶಿಕ್ಷಕಿಗೆ ನಾನು ಅಷ್ಟನ್ನೂ ಕೊಡಲಿಲ್ಲ.

ಹೀಗೆ ನಿಯಮ ಬರೆದಿಟ್ಟವರ ಉದಾಹರಣೆಗಳು ಇಲ್ಲದಿಲ್ಲ. ಲಿನಕ್ಸ್ ಆಧಾರಿತ ಡೆಬಿಯನ್ ಯೋಜನೆಗೆ 1998ರಿಂದ ಸಂವಿಧಾನವೇ ಇದೆ. ಪ್ರತಿವರ್ಷ ನಾಯಕರ ಚುನಾವಣೆ. ಮತಪತ್ರದಲ್ಲಿ ‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆಯಿದೆ. ನಮ್ಮ ನೋಟಾದಂತೆ ಹಲ್ಲಿಲ್ಲದ್ದಲ್ಲ, ಅದು ಗೆದ್ದರೆ ಚುನಾವಣೆಯೇ ಮತ್ತೆ ನಡೆಯಬೇಕು. 2014ರ ಫೆಬ್ರವರಿಯಲ್ಲಿ, ಕಂಪ್ಯೂಟರ್ ಚಾಲೂ ಮಾಡುವ ತಂತ್ರಾಂಶವಾಗಿ ಸಿಸ್ಟಮ್‌ಡಿ ಬೇಕೇ ಬೇಡವೇ ಎಂದು ಅವರ ತಾಂತ್ರಿಕ ಸಮಿತಿ ನಾಲ್ಕು–ನಾಲ್ಕಾಗಿ ಒಡೆದಾಗ ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ಸಿಟ್ಟಾದವರು ಡೆವುವಾನ್ ಎಂಬ ಬೇರೆ ಒಲೆ ಹೂಡಿದರು. ಪೈಥಾನ್ ಭಾಷೆಯ ಕತೆ ಇನ್ನೂ ಸ್ವಾರಸ್ಯದ್ದು. ಅದರ ಜನಕ ಗೀಡೋ ವಾನ್ ರಾಸಮ್‌ಗೆ ‘ಜೀವಾವಧಿ ದಯಾಳು ಸರ್ವಾಧಿಕಾರಿ’ ಎಂದೇ ಬಿರುದು. ಒಂದು ಸಣ್ಣ ಚಿಹ್ನೆಯನ್ನು ಭಾಷೆಗೆ ಸೇರಿಸುವ ಜಗಳದಲ್ಲಿ ಗೆದ್ದೂ ಬೇಸತ್ತು 2018ರ ಜುಲೈಯಲ್ಲಿ ಅವರು ಕೆಳಗಿಳಿದರು, ಉತ್ತರಾಧಿಕಾರಿಯನ್ನು ನೇಮಿಸದೆ. ಉಳಿದವರು ತಿಂಗಳುಗಟ್ಟಲೆ ಚರ್ಚಿಸಿ, ಹಲವು ಮಾದರಿಗಳ ಮೇಲೆ ಮತ ಹಾಕಿ, ಐವರ ಚುನಾಯಿತ ಮಂಡಳಿ ಕಟ್ಟಿಕೊಂಡರು. ಐವರಲ್ಲಿ ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚಿರಕೂಡದು ಎಂಬುದೂ ನಿಯಮ. ಅನ್ನ ಹಾಕುವ ಕೈ ಯಾವುದು ಎಂದು ಲೆಕ್ಕಕ್ಕೆ ಹಿಡಿದ ಜಾಣ್ಮೆ ಅದರಲ್ಲಿದೆ.

ಬರೆದಿಡದವರಿಗೆ ಬಂದ ಆಪತ್ತನ್ನೂ ಕಂಡಿದ್ದೇವೆ. ಎಕ್ಸ್‌ಜೆಡ್ ಎಂಬ, ಕಡತ ಕುಗ್ಗಿಸುವ ಸಣ್ಣ ಸಲಕರಣೆಯನ್ನು ಫಿನ್ಲೆಂಡಿನ ಒಬ್ಬರು ವರ್ಷಗಟ್ಟಲೆ ಒಂಟಿಯಾಗಿ ನೋಡಿಕೊಂಡರು. ದಣಿದಿದ್ದರು. ‘ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ’ ಎಂದು ಅಪರಿಚಿತರು ಒತ್ತಾಯಿಸಿದರು. ವರ್ಷಗಟ್ಟಲೆ ವಿನಯದಿಂದ ದುಡಿದ ‘ಜಿಯಾ ಟಾನ್’ ಹೆಸರಿನವನ ಕೈಗೆ ಯೋಜನೆಯ ಬೀಗದ ಕೈ ಹೋಯಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಕೆದಕಿದಾಗ ಸಿಕ್ಕ, ಟಾನ್ ಆ ಸಲಕರಣೆಯಲ್ಲಿ ಅಡಗಿಸಿದ್ದ ಕಳ್ಳಬಾಗಿಲನ್ನು ಬಯಲು ಮಾಡಿದರು. ‘ಕೆಲಸ ಮಾಡಿದವನಿಗೆ ಅಧಿಕಾರ’ ಎಂಬ ಸೂತ್ರವನ್ನು ಕಳ್ಳ ಅಕ್ಷರಶಃ ಪಾಲಿಸಿದ್ದ.

ಹಣದ ಮಾತು ಒಂದಿಷ್ಟು. ಜೆ.ಪಿ. ನಗರ ನಾಲ್ಕನೇ ಹಂತದ ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು. ನಮ್ಮ ನೆರೆಯಲ್ಲೇ ಇಂಥದ್ದು ಹುಟ್ಟಿದ್ದು ಸಂತೋಷ. ದಣಿದ ಒಂಟಿ ಜೀವಗಳಿಗೆ ಇದರಿಂದ ಉಸಿರು ಬರುತ್ತದೆ. ಆದರೆ ದಾನಿ ಯಾರಿಗೆ ಕೊಡಬೇಕೆಂದು ದಾನಿಯೇ ತೀರ್ಮಾನಿಸುತ್ತಾನೆ. ಅದು ಅವನ ಹಕ್ಕು, ಅದನ್ನು ಪ್ರಜಾಪ್ರಭುತ್ವ ಎನ್ನುವುದು ನಮ್ಮ ಭ್ರಮೆ. ಹಣ ಬಂದ ಮೇಲೆ ಒಳಗಿನ ಲಿಖಿತ ನಿಯಮದ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈಗ ನಮ್ಮ ಪದಪಟ್ಟಿಗೆ ಒಂದು ಪುಟದ ನಿಯಮ ಇದೆ. ಬೀಗದ ಕೈ ಮೂವರ ಹತ್ತಿರ; ಒಬ್ಬರಾದರೂ ಬೆಂಗಳೂರು–ಮೈಸೂರಿನಾಚೆಯವರು. ಪದ ಬೇಡವೆಂದರೆ ಕಾರಣ ಬರೆಯಬೇಕು. ಎರಡನೆಯವರೊಬ್ಬರು ಆ ಕಾರಣವನ್ನು ಓದಿ ಒಪ್ಪಬೇಕು. ಪಟ್ಟಿ ಯಾವ ಕಡತವಿನ್ಯಾಸದಲ್ಲಿ ಬಂದರೂ ತೆಗೆದುಕೊಳ್ಳಬೇಕು. ಪ್ರಜಾಪ್ರಭುತ್ವ ಎಂದು ಇದನ್ನು ಕರೆಯಲಾರೆ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ಹಾಲಿನವನಿಗೆ ಹೇಳಿ ಹೋಗುವ ಹಳೆಯ ಜಯನಗರದ ಬುದ್ಧಿ, ಅಷ್ಟೆ.

‘ಬರಲಿಕತ್ತಾರ’ಕ್ಕೆ ಈಗ ಕೆಂಪು ಗೆರೆ ಬೀಳುವುದಿಲ್ಲ. ಆ ಶಿಕ್ಷಕಿಗೆ ಕ್ಷಮೆ ಕೇಳಿ ಬರೆದೆ, ಉತ್ತರ ಬಂದಿಲ್ಲ. ಕ್ಷೇತ್ರದ ಚುನಾವಣೆಯಲ್ಲಿ ಸೋತವರ ಮತಗಳೂ ಎಣಿಕೆಯಾಗಿ, ಅಂತರ 16 ಎಂದು ದಾಖಲಾಯಿತು. ನಮ್ಮ ಯೋಜನೆಯ ದಾಖಲೆಯಲ್ಲಿ ಯಾರು ಎಷ್ಟು ಪದ ಸೇರಿಸಿದರು ಎಂಬುದೆಲ್ಲ ಗಂಟೆ-ನಿಮಿಷದ ಸಮೇತ ಇದೆ. ಬೇಸತ್ತು ಬಿಟ್ಟು ಹೋದವರ ಲೆಕ್ಕ ಮಾತ್ರ ಅದರಲ್ಲೆಲ್ಲೂ ಇಲ್ಲ.